ಬರೀ ಹಳ್ಳಿ

ನಮ್ಮ ಮನೆತನದ ಅಡ್ಡಹೆಸರು ಹಳ್ಳಿ. ಬೇರೆಯವರ ಹೆಸರಿನಲ್ಲಿ ಹಳ್ಳಿಗೆ ಮೊದಲು ಏನಾದರೊಂದು ಗುರುತು ಇರುತ್ತದೆ, ಹುಣಸೆಯೋ ಬೇವೋ. ನಮ್ಮದು ಬರೀ ಹಳ್ಳಿ. ಹಿಂದೆ ಯಾವನೋ ಗುಮಾಸ್ತ ಮೊದಲರ್ಧ ಬರೆಯಲು ಮರೆತನಂತೆ.

ಭೂಮಾಪನ ಇಲಾಖೆಯಿಂದ ನಿವೃತ್ತರಾಗಿದ್ದ ನನ್ನ ಕಾಕಾ ಕಳೆದ ಚಳಿಗಾಲದಲ್ಲಿ ದೇಶದ ರಾಜಧಾನಿಯ ರೋಹಿಣಿ ಬಡಾವಣೆಯಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದು ಎರಡು ತಿಂಗಳು ಉಳಿದರು. ಹೊರಗಿನ ಹೊಗೆಯಲ್ಲಿ ವಾಕಿಂಗ್ ಬೇಡವೆಂದು ನಾನು ತಡೆದೆ. ಹೊತ್ತು ಹೋಗದೆ ಅವರು ವಂಶವೃಕ್ಷ ಬರೆಯಲು ಕೂತರು. ಮುತ್ತಜ್ಜನವರೆಗೆ ಸಲೀಸಾಗಿ ಹೋಯಿತು, ಆಚೆಗೆ ದಾರಿ ಸಿಗಲಿಲ್ಲ. ಹಿಂದಕ್ಕೆ ಹೋಗಲಾಗದಿದ್ದರೆ ಅಗಲಕ್ಕೆ ಅಳೆಯಬೇಕು ಎಂದರು. ಇಂಟರ್ನೆಟ್ಟಿನಲ್ಲಿ ನಮ್ಮ ಅಡ್ಡಹೆಸರಿನವರು ಯಾವ ದೇಶದಲ್ಲಿ ಕಂಡರೂ ಇಂಗ್ಲಿಷ್‌ನಲ್ಲಿ ಒಂದೇ ಒಕ್ಕಣೆ ಕಳಿಸತೊಡಗಿದರು: ಪ್ರೀತಿಯ ಸಹೋದರ, ನೀನು ಯಾವ ಹಳ್ಳಿ?

ಹೆಚ್ಚಿನವರು ಉತ್ತರಿಸಲಿಲ್ಲ. ಕೆನಡಾದ ಒಬ್ಬಾಕೆ ಪೊಲೀಸರಿಗೆ ಹೇಳುವುದಾಗಿ ಬರೆದಳು. ವಿನಯದ ಉತ್ತರ ಬಂದದ್ದು ಗುರುಗ್ರಾಮದಿಂದ ಮಾತ್ರ. ಅಲ್ಲಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಫಿನ್‌ಲೆಂಡಿನ ಯುವಕ. ತನ್ನ ಅಡ್ಡಹೆಸರೂ ಅದೇ, ಆದರೆ ಸಂಬಂಧ ಇರಲಿಕ್ಕಿಲ್ಲ ಎಂದಿದ್ದ. ಕಾಕಾ ಕೊನೆಯ ವಾಕ್ಯವನ್ನು ಬಿಟ್ಟು ಓದಿ, ಅವನನ್ನು ಭಾನುವಾರದ ಊಟಕ್ಕೆ ಕರೆದರು.

ಅವನು ಮೆಟ್ರೋ ಹಿಡಿದು, ಒಣಹಣ್ಣಿನ ಡಬ್ಬಿ ತಂದು, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಕಾಕಾ ಮೊದಲು ಅವನ ಕಿವಿಗಳನ್ನು ಎರಡೂ ಬದಿಯಿಂದ ನೋಡಿದರು. ಆಮೇಲೆ ಜೋಳದ ರೊಟ್ಟಿಯ ಮೇಲೆ ಕೆಂಪು ಖಾರ ಹಚ್ಚಿ ಕೊಟ್ಟರು. ಕೆಂಪು ಖಾರ ತಿಂದರೆ ನಮ್ಮ ಮನೆತನದವರಿಗೆಲ್ಲ ಬಿಕ್ಕಳಿಕೆ ಬರುತ್ತದೆ ಎಂಬುದು ಅವರ ನಂಬಿಕೆ. ಹುಡುಗ ಎರಡು ತುತ್ತು ತಿಂದ. ಮುಖ ಕೆಂಪಾಗಿ, ಬಿಕ್ಕಳಿಸಿದ. ಕಾಕಾ ನನ್ನತ್ತ ನೋಡಿ ತಲೆಯಾಡಿಸಿದರು. ಆ ಖಾರಕ್ಕೆ ನಮ್ಮ ಎದುರುಮನೆಯ ಪಂಜಾಬಿ ಆಂಟಿಯೂ ಬಿಕ್ಕಳಿಸಿದ್ದರು ಎಂದು ನೆನಪಿಸಿದೆ. ಕೇಳಿಸಿಕೊಳ್ಳಲಿಲ್ಲ.

ನೀರು ಕುಡಿದು ಸುಧಾರಿಸಿಕೊಂಡ ಹುಡುಗ ತನ್ನ ಹೆಸರಿನ ಅರ್ಥ ಹೇಳಿದ. ನನ್ನ ಮಗಳು ಅದನ್ನು ಅಜ್ಜನಿಗೆ ದಾಟಿಸಿದಳು.

"ಅಜ್ಜಾ, ಅವರ ಭಾಷೇಲಿ ಹಳ್ಳಿ ಅಂದ್ರೆ ಸೀಲ್ ಅಂತೆ."

ಕಾಕಾನ ಕಣ್ಣು ಹೊಳೆಯಿತು. ಸರ್ಕಾರಿ ಕಾಗದಗಳಿಗೆ ಮೂವತ್ತು ವರ್ಷ ಸೀಲು ಒತ್ತಿದವರು ಅವರು. ಮನೆತನದ ಮೂಲ ಕಸುಬೇ ಅದಿರಬೇಕೆಂದು ಎದ್ದು ಹುಡುಗನ ಕೈ ಕುಲುಕಿದರು.

"ಅರೇ, ವೋ ವಾಲಾ ನಹೀ, ಆ ಸೀಲಲ್ಲ," ಎಂದು ಮಗಳು ಫೋನಿನಲ್ಲಿ ಚಿತ್ರ ತೋರಿಸಿದಳು. ಹಿಮದ ಮೇಲೆ ಹೊಟ್ಟೆ ಊರಿ ಮಲಗಿದ ಬೂದುಬಣ್ಣದ ಕಡಲಪ್ರಾಣಿ, ದುಂಡು ಮುಖ, ಉದ್ದುದ್ದ ಮೀಸೆ. ಇಲ್ಲಿಗೆ ಈ ನಂಟು ಮುಗಿಯಿತು ಎಂದುಕೊಂಡೆ. ಕಾಕಾ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಮೀಸಿ ನೋಡವಾ," ಎಂದರು ಮೆಲ್ಲಗೆ. "ನಮ್ಮ ಅಜ್ಜಂದ ಐತಿ."

ಹುಡುಗನಿಗೆ ಇದನ್ನು ಹೇಗೆ ಅನುವಾದಿಸುವುದೆಂದು ತಿಳಿಯದೆ ಇನ್ನೊಂದು ರೊಟ್ಟಿ ಬಡಿಸಿದೆ. ಅವನು ಅದನ್ನೂ ತಿಂದ, ಮುಂದಿನ ಭಾನುವಾರವೂ ಬಂದ. ಆ ದಿನ ತನ್ನ ತಾಯಿಗೆ ವೀಡಿಯೊ ಕಾಲ್ ಮಾಡಿ ಫೋನನ್ನು ಕಾಕಾನ ಕೈಗೆ ಕೊಟ್ಟ. ಆಕೆಗೆ ಕನ್ನಡ ಬಾರದು, ಇವರಿಗೆ ಆಕೆಯ ಭಾಷೆ ಬಾರದು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಏನಂತೆ ಎಂದು ಕೇಳಿದೆ.

"ಎಲ್ಲಾ ಆರಾಮ ಅದಾರ," ಎಂದರು ಕಾಕಾ. "ಥಂಡಿಗೆ ಮೊಣಕಾಲ ಹಿಡದಾವಂತ."