ಇಂಟರ್‌ವಲ್‌ನಲ್ಲಿ ಹಿಡಿದ ಕೈ

ಮಗಳು ಹಟ ಹಿಡಿದಿದ್ದಾಳೆ ಎಂದು ಮನೆಯಲ್ಲಿ ಹೇಳಿದ್ದು ಶುದ್ಧ ಸುಳ್ಳು. ಹಟ ನನ್ನದು. ಸೂಪರ್‌ಹೀರೋಗಳ ಇಡೀ ದಂಡು ಒಂದೇ ಪರದೆಯ ಮೇಲೆ ಬರುವ ಸಿನಿಮಾವನ್ನು ಬಿಡುಗಡೆಯ ದಿನವೇ ನೋಡದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಆರು ವರ್ಷದ ಅವಳನ್ನು ಕರೆದುಕೊಂಡು ಸಂಡೂರಿನಿಂದ ಬಸ್ಸು ಹತ್ತಿದೆ. ಹೊಸಪೇಟೆಯಲ್ಲಿ ಸಂಜೆಯ ಆಟ.

ಟಾಕೀಸಿನ ಎದುರು ತಳ್ಳುಗಾಡಿಯಲ್ಲಿ ಮುಖ ಪೂರ್ತಿ ಮುಚ್ಚುವ ಕೆಂಪು ಮುಖವಾಡ, ಬೆನ್ನಿಗೆ ಕಟ್ಟುವ ಕೆಂಪು ಬಟ್ಟೆ ಮಾರುತ್ತಿದ್ದರು. ಕಂಡ ಮಕ್ಕಳೆಲ್ಲ ಅದನ್ನೇ ತೊಟ್ಟಿದ್ದವು. ನನ್ನವಳಿಗೂ ತೊಡಿಸಿದೆ.

ಒಳಗೆ ಸೀಟಿ, ಕೇಕೆ, ತೂರಿದ ಕಾಗದದ ಚೂರು. ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ಇಂಟರ್‌ವಲ್‌ನಲ್ಲಿ ಹೊರಗೆ ಮುಖವಾಡ ಸರಿಸಿ ಮಿರ್ಚಿ ತಿನ್ನಿಸುತ್ತಿದ್ದಾಗಲೇ ಗಂಟೆ ಹೊಡೆಯಿತು. ಮುಖವಾಡ ಮತ್ತೆ ಇಳಿಸಿ ಒಳಗೆ ಹೊರಟೆವು. ಬಾಗಿಲಲ್ಲಿ ನೂಕುನುಗ್ಗಲು. ಮಗಳ ಕೈ ತಪ್ಪಿತು. ಪರದೆಯ ಮೇಲೆ ಆಗಲೇ ಬೆಳಕು ಬಂದಿತ್ತು. ಅತ್ತ ನೋಡುತ್ತಲೇ ಪಕ್ಕದ ಪುಟ್ಟ ಕೈಯನ್ನು ಹಿಡಿದು, “ಜಲ್ದಿ ಬಾ” ಎಂದು ಎಳೆದುಕೊಂಡು ಹೋಗಿ ಕುಳಿತೆ.

ಅವಳು ಎರಡು ಸಲ ಅಂಗಿ ಜಗ್ಗಿದಳು. “ಸುಮ್ನಿರು, ಈಗ ಎಲ್ಲಾರೂ ಬರ್ತಾರ” ಎಂದು ಗದರಿದೆ.

ಬಂದರು. ಒಬ್ಬೊಬ್ಬರಾಗಿ ಹೀರೋಗಳು ಸಾಲುಗಟ್ಟಿದಾಗ ಇಡೀ ಟಾಕೀಸೇ ಎದ್ದು ನಿಂತಿತು. ಅವಳಿಗೆ ಕಾಣಲೆಂದು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡೆ. ಕಾಲು ಹಿಡಿದಿದ್ದ ಕೈಗೆ ಏನೋ ತಣ್ಣಗೆ ತಾಗಿತು. ಮುಟ್ಟಿ ನೋಡಿದರೆ ಕಾಲ್ಗೆಜ್ಜೆ.

ನನ್ನ ಮಗಳಿಗೆ ಕಾಲ್ಗೆಜ್ಜೆ ಇಲ್ಲ.

ಇಳಿಸಿ ಮುಖವಾಡ ಸರಿಸಿದೆ. ಯಾರದೋ ಮಗು. ಅತ್ತು ಅತ್ತು ಮುಖವೆಲ್ಲ ಒದ್ದೆ. ಹಾಗಾದರೆ ನನ್ನವಳೆಲ್ಲಿ? ಬಾಗಿಲಾಚೆ ರಸ್ತೆ, ರಸ್ತೆಯ ತುಂಬ ಅದಿರಿನ ಲಾರಿಗಳು. ಮಗಳನ್ನು ಕೂಗಿದೆ. ಆ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಅರ್ಧ ಗಂಟೆಯ ಹಿಂದೆ ಅದೇ ಗದ್ದಲ ಮಾಡಿದವನು ನಾನು.

ಬೇರೆ ದಾರಿ ತೋಚದೆ ಆ ಮಗುವನ್ನು ಎತ್ತಿಕೊಂಡು ಪರದೆಯ ಕೆಳಗಿನ ಕಟ್ಟೆ ಹತ್ತಿದೆ. ನಮ್ಮ ನೆರಳು ಹೀರೋಗಳ ಮೇಲೆ ಬಿತ್ತು.

“ಲೇ, ಇಳೀಲೇ! ಕುಡುದು ಬಂದಾನ ನೋಡು!”

ಬಾಟಲಿಯೊಂದು ಬಂದು ಮೊಣಕಾಲಿಗೆ ಬಡಿಯಿತು. ನಾನು ಇಳಿಯಲಿಲ್ಲ. ಬೆಳಕು ಬೀಳುವಂತೆ ಮಗುವಿನ ಮುಖವನ್ನು ಜನರತ್ತ ತಿರುಗಿಸಿ ಎತ್ತಿ ಹಿಡಿದೆ.

ನಡುವಿನ ಸಾಲಿನಲ್ಲಿ ಹೆಣ್ಣುಮಗಳೊಬ್ಬಳು ಚೀರಿದಳು. “ಅಯ್ಯ ಶಿವನೇ! ಅದು ನನ್ನ ಕೂಸು! ಹಂಗಾರ ಇದ್ಯಾರು?” ಎನ್ನುತ್ತ ತನ್ನ ತೊಡೆಯ ಮೇಲಿದ್ದ ಮಗುವಿನ ಮುಖವಾಡ ಕಿತ್ತಳು. ನನ್ನ ಮಗಳು! ಸಾಲು ದಾಟಿ, ಯಾರ ಕಾಲು ತುಳಿದೆನೋ, ಹೋಗಿ ಆ ಕೂಸನ್ನು ತಾಯಿಯ ಕೈಗಿಟ್ಟು ನನ್ನವಳನ್ನು ಬಾಚಿಕೊಂಡೆ. ಆ ತಾಯಿ ಎಮ್ಮಿಗನೂರಿನವಳಂತೆ. ಇಬ್ಬರಿಗೂ ಬೈದಾಡುವ ಮುಖ ಇರಲಿಲ್ಲ. ತಪ್ಪು ಒಂದೇ ತೂಕದ್ದು.

ಸಿನಿಮಾ ಅಲ್ಲಿಗೇ ಬಿಟ್ಟು ಹೊರಗೆ ಬಂದೆವು. “ನಿನ್ನ ಮಗಳು ನಾನಲ್ಲ ಅಂತ ಆ ಅಮ್ಮಗ ಹೇಳ್ದೆಪ್ಪ. ಸೀಟಿ ಹೊಡೀತಿದ್ರು, ಕೇಳ್ಲಿಲ್ಲ” ಎಂದಳು ಮಗಳು.

ರಸ್ತೆ ದಾಟಬೇಕಿತ್ತು. ಲಾರಿಗಳ ಕಡೆ ಕಣ್ಣಿಟ್ಟು ಅವಳತ್ತ ಕೈ ಚಾಚಿದೆ. ಅವಳು ಕೈ ಕೊಡಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

“ಅಪ್ಪಾ, ಮದ್ಲು ಮುಖ ನೋಡು.”