ಗಂಧದ ಸೋಪಿನ ಕುರಿಮರಿ

ಗಂಧದ ಸೋಪಿನ ಹೊಸ ಕಾಗದ ಬಿಚ್ಚಿದರೆ ನನಗೆ ಇವತ್ತಿಗೂ ಮೊದಲು ನಾಚಿಕೆಯಾಗುತ್ತದೆ, ಆಮೇಲೆ ನಗು ಬರುತ್ತದೆ. ಹೋದ ವಾರವೂ ಹಾಗೇ ಆಯಿತು. ಬಚ್ಚಲಲ್ಲಿ ಸೋಪು ಹಿಡಿದು ನಿಂತವಳಿಗೆ ಬಳ್ಳಾರಿ ಸೀಮೆಯ ಅರಸೀಕೆರೆಯ ಪಕ್ಕದ ಮನೆ ಅಜ್ಜಿ ನೆನಪಾದಳು. ಕಾಯಿಸಿದ ನೀರು ಆರಿಹೋಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಊರಿನ ಶಾಲೆಗೆ ನಾನು ವಿಜ್ಞಾನದ ಟೀಚರಾಗಿ ಹೋದವಳು. ಬಳ್ಳಾರಿ ಪೇಟೆಯಲ್ಲಿ ಬೆಳೆದವಳು. ಹೊಸ ನೌಕರಿ, ಹೊಸ ಜಂಬ. ನನ್ನ ಬಾಡಿಗೆ ಕೋಣೆಗೂ ಅಜ್ಜಿಯ ಮನೆಗೂ ಒಂದೇ ಅಂಗಳ. ಅವರದು ಕುರಿ ಸಾಕುವ ಮನೆತನ. ಬೆಳಿಗ್ಗೆ ಮಗ ಕುರಿ ಹೊಡೆದುಕೊಂಡು ಹೋದರೆ, ಸಣ್ಣ ಮರಿಗಳನ್ನೂ ಗಬ್ಬದ ಕುರಿಗಳನ್ನೂ ಅಜ್ಜಿ ಮನೆಯಲ್ಲಿ ನೋಡಿಕೊಳ್ಳುತ್ತಿದ್ದಳು. ಸಂಜೆ ನನಗೊಂದು ರೊಟ್ಟಿ ಕೊಡುವ ನೆಪದಲ್ಲಿ ಬಂದು ಕೂತರೆ ಏಳುತ್ತಿರಲಿಲ್ಲ...

ಒಂದು ಭಾನುವಾರ ಅಜ್ಜಿ ಗಿರಣಿಗೆ ಹೋಗಿದ್ದಾಗ ಅಂಗಳದಲ್ಲೇ ಒಂದು ಕುರಿ ಈಯಿತು. ಅದಕ್ಕೆ ಅದೇ ಚೊಚ್ಚಲು. ಮೈತುಂಬ ಲೋಳೆ ಮೆತ್ತಿಕೊಂಡ ಹೆಣ್ಣುಮರಿ ಗಡಗಡ ನಡುಗುತ್ತಿತ್ತು. ತಾಯಿ ಇನ್ನೇನು ಒಂದೆರಡು ಸಲ ನೆಕ್ಕಿತ್ತೋ ಇಲ್ಲವೋ, ನನ್ನೊಳಗಿನ ಟೀಚರು ಎದ್ದು ನಿಂತಳು. ಮರಿಯನ್ನು ಎತ್ತಿಕೊಂಡು ಹೋಗಿ, ಬಿಸಿನೀರು ಹಾಕಿ, ಗಂಧದ ಸೋಪು ಹಚ್ಚಿ ತಿಕ್ಕಿ ತೊಳೆದೆ. ಟವೆಲಿನಿಂದ ಒರೆಸಿದೆ. ಹೇಳಲು ಸಂಕೋಚ, ಪೌಡರನ್ನೂ ಹಾಕಿದೆ.

ಘಮಘಮಿಸುವ ಮರಿಯನ್ನು ತಂದು ಬಿಟ್ಟರೆ ತಾಯಿ ಒಮ್ಮೆ ಮೂಸಿ ನೋಡಿ, ತಲೆಯಿಂದ ಗುದ್ದಿ ದೂರ ತಳ್ಳಿತು. ಮರಿ ಎದ್ದು ಮೊಲೆಗೆ ಬಾಯಿ ಹಾಕಿದಾಗಲೆಲ್ಲ ಗುದ್ದು. ಸಂಜೆ ಮಗ ಬಂದು ನೋಡಿದ. “ತಾಯ್ತನ ಇಲ್ದ ಕುರಿ ಇಟ್ಕಂಡು ಏನ್ ಮಾಡಾದವ್ವಾ? ಮರಿ ಹೆಂಗೂ ಉಳಿಯಂಗಿಲ್ಲ. ಇದನ್ನ ಬರೋ ಸಂತಿಗೆ ಹೊಡದುಬಿಡಾನು” ಎಂದ. ಸಂತೆಗೆ ಹೋದ ಕುರಿ ಎಲ್ಲಿಗೆ ಹೋಗುತ್ತದೆಂದು ನನಗೂ ಗೊತ್ತಿತ್ತು.

ಗಿರಣಿಯಿಂದ ಬಂದಿದ್ದ ಅಜ್ಜಿ ಮರಿಯನ್ನು ಎತ್ತಿ, ಅದರ ಬಾಲದ ಬುಡ ಮೂಸಿದಳು. ನನ್ನ ಕಡೆ ನೋಡಿದಳು. ನಾನು ಹೇಳದೆ ಇದ್ದಿದ್ದರೆ ಅವಳೂ ಹೇಳುತ್ತಿರಲಿಲ್ಲ ಅನ್ನಿಸುತ್ತದೆ... ಗೋಣು ತಗ್ಗಿಸಿ ಒಪ್ಪಿಕೊಂಡೆ. “ತಪ್ಪು ಕುರಿಯದಲ್ಲ, ನನ್ನದು. ಮನುಷ್ಯರ ಕೈ ಸೋಕಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಅಂತ ಮಕ್ಕಳಿಗೆ ನಾನೇ ಪಾಠ ಮಾಡಿದ್ದೀನಿ. ಗೊತ್ತಿದ್ದೂ ಮುಟ್ಟಿದೆ. ಸ್ನಾನ ಮಾಡಿಸಿದೆ.”

ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. “ಮುಟ್ಟಿದ್ರ ಬಿಡಂಗಿದ್ರ ನಮ್ಮ ಹಟ್ಟ್ಯಾಗ ಒಂದು ಮರೀನೂ ಉಳೀತಿದ್ದಿಲ್ಲ ಟೀಚರಮ್ಮಾ. ದಿನಾ ಮುಟ್ಟೋದ ನಮ್ಮ ಕೆಲಸ ಐತಿ. ಆಕಿ ಮರಿ ಗುರ್ತು ಹಿಡಿಯೋದು ಮೂಗಿನಾಗ. ನೀವು ಆ ಗುರ್ತು ತೊಳದು, ಮ್ಯಾಲೆ ಬ್ಯಾರೆ ವಾಸ್ನಿ ಹಚ್ಚೀರಿ. ಯಾರ ಮಗಳಪಾ ಇದು ಅಂತ ಆಕಿ ಗುದ್ದತಾಳ.” ಆಮೇಲೆ ಮಗನ ಕಡೆ ತಿರುಗಿ, “ಲೇ, ಆಕಿ ಕೆಟ್ಟಾಕಿ ಅಲ್ಲ. ನಾಕು ದಿನ ತಡಿ” ಎಂದಳು.

ಆ ಕುರಿಯದೇ ಗಿಣ್ಣದ ಹಾಲು ಹಿಂಡಿ, ಮರಿಯ ನೆತ್ತಿಗೂ ಬೆನ್ನಿಗೂ ಬಾಲದ ಬುಡಕ್ಕೂ ಸವರಿದಳು. ನೆಕ್ಕಲಿ ಎಂದು ಚಿಟಿಕೆ ಉಪ್ಪು ಉದುರಿಸಿದಳು. ಕುರಿಯನ್ನು ಗೋಡೆಗೆ ಒತ್ತಿ ಹಿಡಿಯುವ ಕೆಲಸ ನನ್ನದು, ಮರಿಯ ಬಾಯಿಗೆ ಮೊಲೆ ಕೊಡುವ ಕೆಲಸ ಅವಳದು. “ಆಕಿ ಹಾಲು ಇದರ ಹೊಟ್ಟ್ಯಾಗ ಇಳೀಲಿ, ವಾಸ್ನಿ ತಾನ ಬರ್ತೈತಿ” ಎನ್ನುತ್ತಿದ್ದಳು. ಶಾಲೆಗೆ ಹೋಗುವ ಮುಂಚೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ, ಸಂಜೆ. ಗುದ್ದು ತಿಂದು ನನ್ನ ಮೊಣಕಾಲು ನೀಲಿಗಟ್ಟಿತು. ಮಾಡಿದ್ದುಣ್ಣೋ ಮಹರಾಯ.

ಮೂರನೆಯ ದಿನ ಮಧ್ಯಾಹ್ನ ಬಂದಾಗ ಅಜ್ಜಿ ತುಟಿಗೆ ಬೆರಳಿಟ್ಟಳು. ಯಾರೂ ಹಿಡಿದಿರಲಿಲ್ಲ. ಮರಿ ಬಾಲ ಅಲ್ಲಾಡಿಸುತ್ತ ಕುಡಿಯುತ್ತಿತ್ತು. ತಾಯಿ ಅದರ ಬಾಲದ ಬುಡ ಮೂಸುತ್ತ, ಗಂಟಲಲ್ಲೇ ಏನೋ ಗುರುಗುಡುತ್ತಿತ್ತು. ನನಗೆ ಅಳು ಬಂತು. ಅಂದೇ ತರಗತಿಗೆ ಹೋಗಿ, ನಾನು ಹೇಳಿಕೊಟ್ಟದ್ದು ತಪ್ಪು ಎಂದೆ. “ನಮಗ ಗೊತ್ತಿತ್ರಿ ಟೀಚರ್. ಬೈತೀರಂತ ಸುಮ್ಕಿದ್ವಿ” ಎಂದರು ಹಿಂದಿನ ಸಾಲಿನ ಹುಡುಗಿಯರು. ಪುಸ್ತಕದ ಬದನೆಕಾಯಿ ಎಂದರೇನೆಂದು ಅವತ್ತು ಅರ್ಥವಾಯಿತು.

ಎರಡು ವರ್ಷಕ್ಕೆ ಹಡಗಲಿ ಕಡೆ ವರ್ಗವಾಯಿತು. ಬರುತ್ತಿರುತ್ತೇನೆ ಎಂದು ಹೇಳಿ ಹೋದವಳು ಬರಲೇ ಇಲ್ಲ. ಮದುವೆ, ಮಕ್ಕಳು, ಪರೀಕ್ಷೆ... ಇಂಥ ಕಾರಣಗಳಿಗೆ ಬರವೇ?

ಮೊನ್ನೆ ಭಾನುವಾರ ಕೊನೆಗೂ ಬಸ್ಸು ಹತ್ತಿದೆ. ಅಜ್ಜಿ ತೀರಿಹೋಗಿ ಹನ್ನೊಂದು ವರ್ಷವಾಗಿದೆಯಂತೆ. ಅವರು ತಿಳಿಸಲು ನಾನು ವಿಳಾಸ ಕೊಟ್ಟಿದ್ದಾದರೂ ಎಲ್ಲಿ? ಸೊಸೆ ಚಹಾ ಕೊಟ್ಟು, ಹಟ್ಟಿಗೆ ಕರೆದುಕೊಂಡು ಹೋದಳು. ಒಂದು ಮೂಲೆಯಲ್ಲಿ ನಾಲ್ಕು ಕುರಿ ಮೆಲುಕು ಹಾಕುತ್ತ ಮಲಗಿದ್ದವು.

“ಇವು ಆ ಮರಿ ಸಂತಾನ ರೀ, ರೋಗಕ್ಕ ಹೋಗಿ ಇಷ್ಟ ಉಳದಾವ. ಟೀಚರಮ್ಮನ್ನ ಕೇಳಲಾರ್ದ ಇವನ್ನ ಮಾರಬ್ಯಾಡ್ರಿ ಅಂತ ನಮ್ಮತ್ತಿ ಹೇಳಿ ಹೋಗ್ಯಾಳ. ನೀವು ಬರ್ಲಿಲ್ಲ, ನಾವು ಮಾರ್ಲಿಲ್ಲ” ಎಂದು ಸೊಸೆ ನಕ್ಕಳು. “ಈಗ ಬಂದೀರಲ್ಲ, ಏನಂತೀರಿ?”

“ಬೇಡವ್ವಾ, ಇರಲಿ” ಎಂದೆ. ಹಟ್ಟಿಯ ಬಾಗಿಲು ಹಾಕಿಕೊಳ್ಳುತ್ತ ಅವಳು, “ಹಂಗಾರ ವರ್ಷಕ್ಕೊಂದ್ಸಲ ಬಂದು ಹೇಳಿ ಹೋಗ್ರಿ” ಎಂದಳು.