ಆಕ್ಟೋಪಸ್ಸಿಗೊಂದು ಕ್ಯಾಪ್ಶನ್

ಟಕ್. ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕುವ ಸದ್ದು. ಈಗಿನ ಫೋನುಗಳಿಗೆ ಮುಚ್ಚಳವೂ ಇಲ್ಲ, ಕಣ್ಣು ಮುಚ್ಚುವ ಅಭ್ಯಾಸವೂ ಇಲ್ಲ ಬಿಡಿ. ಮೊನ್ನೆ ಆ ಸದ್ದು ನೆನಪಾದದ್ದು ಒಂದು ಆಕ್ಟೋಪಸ್ಸಿನಿಂದ.

ನನ್ನ ತಂಗಿಯ ಮೊಮ್ಮಗಳು ನೈನಾ ಸಮುದ್ರದೊಳಗೆ ಮುಳುಗಿ ಫೋಟೊ ತೆಗೆಯುತ್ತಾಳೆ. ಭಾರಿ ನೇಚರ್ ಲವರ್. ಟೀ ಶರ್ಟಿನ ಮೇಲೆ ಹಾಗಂತ ಬರೆದೇ ಇದೆ. ಬೇಲೂರಿನ ಹೋಟೆಲೊಂದರಲ್ಲಿ ಅವಳ ಎಕ್ಸಿಬಿಷನ್. ಹಳೇಬೀಡಿನ ಕಲ್ಲು ನೋಡಿ ದಣಿದ ಟೂರಿಸ್ಟರು ಊಟ ಬರುವಷ್ಟರಲ್ಲಿ ಸಮುದ್ರವನ್ನೂ ಮುಗಿಸಿಬಿಡಬಹುದು. ಅಲ್ಲಿಗೆ ಹೋಗುವ ದಾರಿಯಲ್ಲಿ ನೈನಾ ಅರಸೀಕೆರೆಯ ನಮ್ಮ ಮನೆಗೆ ಬಂದು, ದೊಡ್ಡ ಚಿತ್ರವೊಂದನ್ನು ಸೋಫಾಕ್ಕೆ ಒರಗಿಸಿದಳು. ಬಂಡೆಯ ಪೊಟರೆಯಿಂದ ಹೊರಬಂದು ಎಂಟೂ ಕೈ ಹರಡಿದ ಆಕ್ಟೋಪಸ್. ಹಿಂದೆ, ಪೊಟರೆಯಲ್ಲಿ, ಮುತ್ತಿನ ಸರದಂತೆ ತೂಗುವ ಮೊಟ್ಟೆಗಳು.

“ಅಜ್ಜಿ, ಕ್ಯಾಪ್ಶನ್ ನೀವೇ ಬರೀಬೇಕು. ನಿಮ್ಮ ಕಾನ್ವೆಂಟ್ ಇಂಗ್ಲಿಷ್ ಸಖತ್ತಾಗಿರತ್ತೆ. ‘ಮದರ್ಸ್ ಲವ್’ ಅಂತ ಏನಾದ್ರೂ.”

ನನ್ನ ಇಂಗ್ಲಿಷನ್ನು ಯಾರಾದರೂ ಬೇಕೆಂದು ಕೇಳಿ ಎಷ್ಟು ಕಾಲವಾಗಿತ್ತು! ಗತ್ತಿನಿಂದ ಕನ್ನಡಕ ಏರಿಸಿದೆ.

“ಮೊಟ್ಟೆ ಬಿಟ್ಟು ಆಚೆ ಯಾಕೆ ಬಂದ್ಲೇ ಇವಳು?”

“ಒಳಗಿದ್ರೆ ಫ್ರೇಮ್ ಸಿಗಲ್ಲ ಅಜ್ಜಿ. ಕಡ್ಡೀಲಿ ತಿವಿದೆ. ಜಸ್ಟ್ ಸ್ವಲ್ಪ.”

“ಆಮೇಲೆ?”

“ಮೊಟ್ಟೆಗೆ ಮೀನು ಮುತ್ಕೊಂಡ್ವು. ನನ್ನ ಸಿಲಿಂಡರ್‌ನಲ್ಲಿ ಗಾಳಿ ಮುಗೀತಾ ಇತ್ತು, ಮೇಲೆ ಬಂದ್ಬಿಟ್ಟೆ. ಎಲ್ಲರೂ ಹಾಗೇ ತೆಗೆಯೋದು.”

ಪಾಪ, ನೈನಾಳಿಗಾದರೂ ಮೇಲೆ ಬರಲು ದಾರಿಯಿತ್ತು.

“ಎಲ್ಲರೂ ಅಲ್ಲ ಕಣೇ,” ಎಂದೆ. ಶಾಮಣ್ಣನವರ ಕಥೆ ಹೇಳಿದೆ.

ಸ್ಟೇಷನ್ ರಸ್ತೆಯ ಸ್ಟುಡಿಯೋ ಅವರದು. ದೊಡ್ಡ ಕಲಾವಿದರೇನಲ್ಲ, ನನ್ನ ಮದುವೆ ಫೋಟೊಗೆ ಬಣ್ಣ ಬಳಿದು ನನ್ನನ್ನು ಇನ್ಯಾರದೋ ಹೆಂಡತಿಯಂತೆ ಮಾಡಿಟ್ಟವರು. ಆದರೆ ಗಲ್ಲ ಒಂದು ಚೂರು ಎತ್ತಬೇಕಾದರೂ “ಮುಟ್ಟಬಹುದಾ ತಾಯಿ?” ಎಂದು ಕೇಳುತ್ತಿದ್ದರು. ಅಮ್ಮ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, ಗೋಡೆಗೊಂದು ಫೋಟೊ ಬೇಕೆಂದು ಅಣ್ಣ ಅವರನ್ನು ಕರೆಸಿದ. ದೀಪ ಹೊತ್ತಿದ್ದೇ ತಡ, ಅಮ್ಮ ಮುಖಕ್ಕೆ ಸೆರಗೆಳೆದುಕೊಂಡಳು.

“ಸೆರಗು ತೆಗೀರಿ, ಎತ್ತಿ ಕೂರಿಸಿ!” ಅಣ್ಣ ಅವಸರಿಸಿದ.

“ಅಮ್ಮಾವ್ರು ಬೇಡ ಅಂದ್ರಲ್ಲ ಸ್ವಾಮಿ.”

“ಅವರೆಲ್ರೀ ಮಾತಾಡಿದ್ರು?”

ಶಾಮಣ್ಣ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದರು. ಟಕ್.

ಕಥೆ ಮುಗಿಸಿ, ನೈನಾಳ ಕ್ಯಾಪ್ಶನ್ ಬರೆಯಲು ಕೂತೆ. ನನ್ನ ಬೆಸ್ಟ್ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ: ‘ಈ ತಾಯಿಯನ್ನು ತಿವಿದ ಕಡ್ಡಿ ಚಿತ್ರದಲ್ಲಿಲ್ಲ.’ ಎರಡು ಸಲ ಓದಿದಳು. ಚಿತ್ರವನ್ನು ಅಲ್ಲೇ ಸೋಫಾದ ಮೇಲೆ, ಮುಖ ಹಿಂದಕ್ಕೆ ಮಾಡಿ ಬಿಟ್ಟು, ಬೇಲೂರಿಗೆ ಹೊರಟಳು.

ನಮ್ಮ ಗೋಡೆಯಲ್ಲಿ ಅಮ್ಮನ ಜಾಗ ಇಂದಿಗೂ ಖಾಲಿ. ಇಷ್ಟು ವರ್ಷ ಅದನ್ನು ಕೊರತೆ ಎಂದುಕೊಂಡಿದ್ದೆ. ಶಾಮಣ್ಣನವರನ್ನು ನಾನು ಕೊನೆಯ ಸಲ ನೋಡಿದ್ದು ಅಂದೇ: ದೀಪ ಆರಿಸಿ, ಕ್ಯಾಮೆರಾ ಸ್ಟ್ಯಾಂಡನ್ನು ಹೆಗಲಿಗೇರಿಸಿ, ಅಮ್ಮನ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಳ್ಳುತ್ತಿದ್ದರು.